ವೆಬ್‌ಸೈಟಿನ ಫೋಟೊ ಒಮ್ಮೆ ಕಾಣುತ್ತೆ, ಒಮ್ಮೆ ಕಾಣಲ್ಲ: ಎಲ್ಲಿ ಹುಡುಕಬೇಕು?

ಇಳಕಲ್ಲಿನ ಸೀರೆ ಅಂಗಡಿ, ಗುಳೇದಗುಡ್ಡದ ಖಣದ ವ್ಯಾಪಾರ, ಅಮೀನಗಡದ ಕರದಂಟು. ಬಾಗಲಕೋಟೆ ಸುತ್ತ ಸಣ್ಣಪುಟ್ಟ ವೆಬ್‌ಸೈಟ್ ಇಟ್ಟುಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ. "ಸರ್, ಫೋಟೊ ಒಮ್ಮೆ ಬರ್ತಾವು, ಒಮ್ಮೆ ಬರಂಗಿಲ್ಲ. ನನ್ನ ಫೋನಿನ್ಯಾಗ ಚಲೋ ಕಾಣ್ತಾವು, ಗಿರಾಕಿ ಫೋನಿನ್ಯಾಗ ಬರೇ ಖಾಲಿ ಡಬ್ಬಿ." ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಈಗ ಬರೆದೇ ಇಡುತ್ತಿದ್ದೇನೆ.

ಪೂರ್ತಿ ಕೆಟ್ಟ ಫೋಟೊ ಹುಡುಕುವುದು ಸುಲಭ. ಅದು ಎಲ್ಲರಿಗೂ, ಯಾವಾಗಲೂ ಕೆಟ್ಟಿರುತ್ತದೆ. ಒಮ್ಮೆ ಬಂದು ಒಮ್ಮೆ ಬರದೇ ಇದ್ದರೆ ಮಾತ್ರ ಲೆಕ್ಕ ಬೇರೆ. ಆ ಫೋಟೊ ತಲುಪಲು ಎಲ್ಲೋ ಎರಡು ದಾರಿ ಇವೆ ಅಂತ ಅರ್ಥ. ಎರಡು ವಿಳಾಸ, ಎರಡು ಸರ್ವರ್ (ಸೈಟಿನ ಫೈಲುಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕಳಿಸುವ ಕಂಪ್ಯೂಟರ್), ಎರಡು ಅಳತೆಯ ಫೈಲ್, ಕೊನೆಗೆ ಒಂದೇ ಹೆಸರನ್ನು ಎರಡು ಥರ ಬರೆದಿರುವುದೂ ಇರಬಹುದು. ಒಂದು ದಾರಿ ಸರಿ ಇದೆ, ಇನ್ನೊಂದು ಮುಚ್ಚಿದೆ. ಕೆಳಗಿನ ಹಂತಗಳಲ್ಲಿ ಮಾಡುವುದೆಲ್ಲ ಆ ಎರಡನೇ ದಾರಿ ಹುಡುಕುವ ಕೆಲಸವೇ.

ಅಲ್ಲಿಯವರೆಗೆ ಫೋಟೊ ಅಳಿಸಿ ಮತ್ತೆ ಅಪ್‌ಲೋಡ್ ಮಾಡಲು ಹೋಗಬೇಡಿ. ಎಲ್ಲರೂ ಮೊದಲು ಮಾಡುವ ತಪ್ಪು ಇದು. ಹಳೆಯದನ್ನು ಹಾಗೇ ಇಟ್ಟು ಅದೇ ಹೆಸರಿನ ಫೋಟೊ ಮತ್ತೆ ಹಾಕಿದರೆ ವರ್ಡ್‌ಪ್ರೆಸ್ (ಎಷ್ಟೋ ಸೈಟುಗಳನ್ನು ನಡೆಸುವ ತಂತ್ರಾಂಶ) ಫೈಲ್ ಹೆಸರಿನ ಕೊನೆಗೆ ಒಂದು ಅಂಕೆ ಸೇರಿಸುತ್ತದೆ. ಪುಟ ಹಳೆಯ ಹೆಸರನ್ನೇ ಕೇಳುತ್ತಿರುತ್ತದೆ. ಅಳಿಸಿ ಹಾಕಿದರೆ ಸುಳಿವೇ ಅಳಿಸಿಹೋಗುತ್ತದೆ.

ಏನೇನು ಬೇಕು?

ಕ್ರೋಮ್ ಅಥವಾ ಫೈರ್‌ಫಾಕ್ಸ್ ಇರುವ ಒಂದು ಲ್ಯಾಪ್‌ಟಾಪ್. ಬೇರೆ ಬೇರೆ ಕಂಪನಿಯ ಎರಡು ಸಿಮ್. ಮನೆ ಅಥವಾ ಅಂಗಡಿಯ ವೈಫೈ. ನಿಮ್ಮ ಹೋಸ್ಟಿಂಗ್ ಲಾಗಿನ್, ಅಂದರೆ ಸೈಟಿನ ಫೈಲುಗಳು ಇರುವ ಜಾಗದ ಕೀಲಿ. ಮತ್ತೆ ಡೊಮೇನ್ ಲಾಗಿನ್, ಅಂದರೆ ಸೈಟಿನ ಹೆಸರು ಕೊಂಡ ಜಾಗದ್ದು. ಇವೆರಡೂ ಸೈಟ್ ಮಾಡಿಕೊಟ್ಟ ಹುಡುಗನ ಹತ್ತಿರವೇ ಉಳಿದಿದ್ದರೆ ಇವತ್ತೇ ಇಸಿದುಕೊಳ್ಳಿ. ಕೊನೆಗೆ ಒಂದು ಹಾಳೆ, ಒಂದು ಪೆನ್ನು.

ಹಂತ 1: ಹಾಳೆಯ ಮೇಲೆ ಮೂರು ಪ್ರಶ್ನೆ

ಯಾವ ಫೋಟೊ? ಯಾರಿಗೆ? ಯಾವಾಗ? ಮೂರು ಕಾಲಂ ಎಳೆದು, ದೂರು ಹೇಳಿದ ನಾಲ್ಕೈದು ಗಿರಾಕಿಗಳನ್ನು ಕೇಳಿ ತುಂಬಿಸಿ. ಯಾವ ಫೋನ್, ಯಾವ ಸಿಮ್, ವೈಫೈಯೋ ಡೇಟಾವೋ, ಎಷ್ಟು ಗಂಟೆ. ಸ್ಕ್ರೀನ್‌ಶಾಟ್ ಕಳಿಸಿ ಅಂತ ಕೇಳಿದರೆ ಇನ್ನೂ ಒಳ್ಳೆಯದು. ಅದರ ಮೇಲ್ತುದಿಯಲ್ಲಿ ಟೈಮೂ ಇರುತ್ತದೆ, ವೈಫೈಯೋ ಡೇಟಾವೋ ಅನ್ನುವ ಗುರುತೂ ಇರುತ್ತದೆ.

ಹಾಳೆ ತುಂಬಿದ ಮೇಲೆ ಅರ್ಧ ಉತ್ತರ ತಾನೇ ಕಾಣುತ್ತದೆ. ಹಳೆ ಫೋಟೊ ಬಂದು ಹೊಸದು ಮಾತ್ರ ಬರದಿದ್ದರೆ 5ನೇ ಹಂತ ನೋಡಿ. ಫೋನಿನಲ್ಲಿ ಬಂದು ಲ್ಯಾಪ್‌ಟಾಪಿನಲ್ಲಿ ಬರದಿದ್ದರೆ 4ನೇ ಹಂತ. ಸಂಜೆ ಮಾತ್ರ ಅಥವಾ ಹಬ್ಬದ ಮುಂಚೆ ಮಾತ್ರ ಕೈಕೊಟ್ಟರೆ 6. ಐಫೋನ್ ಇದ್ದವರಿಗೆ ಮಾತ್ರ ಕಾಣುತ್ತಿದ್ದರೆ 8. ಆದರೆ 2 ಮತ್ತು 3ನೇ ಹಂತ ಎಲ್ಲರಿಗೂ ಬೇಕು.

ಹಂತ 2: ನಿಮ್ಮ ಬ್ರೌಸರನ್ನು ನಂಬಬೇಡಿ

ನೀವು ನಿಮ್ಮ ಸೈಟನ್ನು ದಿನಾ ನೋಡುತ್ತೀರಿ. ಅದಕ್ಕೇ ನಿಮ್ಮ ಬ್ರೌಸರ್ ಫೋಟೊಗಳನ್ನು ಒಳಗೆ ಕೂಡಿಟ್ಟುಕೊಂಡಿರುತ್ತದೆ. ಇದಕ್ಕೆ ಕ್ಯಾಶ್ ಅಂತಾರೆ. ಸರ್ವರಿನಲ್ಲಿ ಫೋಟೊ ಇಲ್ಲದೇ ಹೋದರೂ ಕೂಡಿಟ್ಟದ್ದನ್ನೇ ತೋರಿಸಬಹುದು. ಗಿರಾಕಿ ಮೊದಲ ಸಲ ಬಂದಿರುತ್ತಾನೆ, ಅವನ ಹತ್ತಿರ ಏನೂ ಕೂಡಿಟ್ಟಿರುವುದಿಲ್ಲ. "ನನಗೆ ಕಾಣ್ತದಲ್ರೀ" ಅನ್ನುವ ವಾದ ಹುಟ್ಟುವುದು ಇಲ್ಲೇ.

ಅದಕ್ಕೆ ಇನ್‌ಕಾಗ್ನಿಟೊ ಕಿಟಕಿ, ಅಂದರೆ ಹಿಂದೆ ಕೂಡಿಟ್ಟದ್ದನ್ನು ಬಳಸದ ಬ್ರೌಸರಿನ ಖಾಸಗಿ ಕಿಟಕಿ, ತೆರೆದು ನೋಡಿ. ಒಂದು ಎಚ್ಚರ: ಇನ್‌ಕಾಗ್ನಿಟೊ ಕಿಟಕಿಗಳನ್ನೆಲ್ಲ ಮುಚ್ಚುವ ತನಕ ಅದೂ ಕೂಡಿಟ್ಟುಕೊಳ್ಳುತ್ತದೆ. ಪ್ರತಿ ಸಲ ಪರೀಕ್ಷೆಗೆ ಎಲ್ಲ ಮುಚ್ಚಿ ಹೊಸದಾಗಿ ತೆರೆಯಿರಿ.

ಹಂತ 3: ಎಫ್12 ಒತ್ತಿ, ನಂಬರ್ ಓದಿ

ಲ್ಯಾಪ್‌ಟಾಪಿನಲ್ಲಿ ಸೈಟ್ ತೆರೆದು ಎಫ್12 ಒತ್ತಿ. ಪಕ್ಕದಲ್ಲೋ ಕೆಳಗೋ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ 'ನೆಟ್‌ವರ್ಕ್' ಅನ್ನುವ ಟ್ಯಾಬಿಗೆ ಹೋಗಿ. 'ಡಿಸೇಬಲ್ ಕ್ಯಾಶ್' ಅನ್ನುವ ಚೌಕಕ್ಕೆ ಟಿಕ್ ಹಾಕಿ, ಮೇಲೆ 'ಇಮೇಜ್' ಆರಿಸಿ, ಪುಟ ರಿಫ್ರೆಶ್ ಮಾಡಿ. ಈಗ ಒಂದೊಂದು ಫೋಟೊಗೆ ಒಂದೊಂದು ಸಾಲು ಬರುತ್ತದೆ. ಬರದ ಫೋಟೊ ಕೆಂಪಗಿರುತ್ತದೆ. 'ಸ್ಟೇಟಸ್' ಅನ್ನುವ ಕಾಲಂನಲ್ಲಿರುವ ನಂಬರೇ ನಮಗೆ ಬೇಕಾದದ್ದು.

404 ಅಂದರೆ ಆ ವಿಳಾಸದಲ್ಲಿ ಫೈಲ್ ಇಲ್ಲ. 403 ಅಂದರೆ ನಿಮಗೆ ಕೊಡಲ್ಲ ಅಂತ ಸರ್ವರ್ ಹೇಳುತ್ತಿದೆ. 429 ಅಂದರೆ ಸ್ವಲ್ಪ ಹೊತ್ತಿನಲ್ಲಿ ಬಹಳ ಸಲ ಕೇಳಿದ್ದೀರಿ, ತಡೀರಿ ಅಂತ. 500ರಿಂದ ಮೇಲಿನವೆಲ್ಲ ಸರ್ವರಿನ ಸುಸ್ತು. 200 ಅಂದರೆ ಕೊಟ್ಟಿದ್ದೇನೆ ಅಂತ. ಆದರೂ ಫೋಟೊ ಕಾಣದಿದ್ದರೆ ಅದು ಬೇರೆ ಕಥೆ, 8ನೇ ಹಂತದಲ್ಲಿದೆ. 304 ನೋಡಿ ಗಾಬರಿ ಆಗಬೇಡಿ, ನಿನ್ನ ಹತ್ತಿರ ಇರುವುದೇ ಸರಿ ಇದೆ ಅಂತ ಅಷ್ಟೇ. ನಂಬರೇ ಇಲ್ಲದೆ 'ಫೇಲ್ಡ್' ಅಂತ ಬಂದರೆ ಸರ್ವರಿನ ಉತ್ತರವೇ ನಿಮ್ಮನ್ನು ತಲುಪಿಲ್ಲ.

ಒಂದೇ ಸಲಕ್ಕೆ ಸಿಗದಿದ್ದರೆ ಹತ್ತು ಸಲ ರಿಫ್ರೆಶ್ ಮಾಡಿ. 'ಪ್ರಿಸರ್ವ್ ಲಾಗ್' ಚೌಕಕ್ಕೂ ಟಿಕ್ ಹಾಕಿದರೆ ಹಿಂದಿನ ಸಾಲುಗಳು ಅಳಿಸುವುದಿಲ್ಲ. ವೈಫೈಯಲ್ಲಿ ಒಮ್ಮೆ ನೋಡಿ, ಆಮೇಲೆ ಒಂದೊಂದೇ ಸಿಮ್‌ನ ಹಾಟ್‌ಸ್ಪಾಟ್ ಹಾಕಿಕೊಂಡು ನೋಡಿ. ಇಲ್ಲಿ ಸೋಮಾರಿತನ ಮಾಡಬೇಡಿ. ನಂಬರ್ ಸಿಗದೆ ಮುಂದೆ ಹೋದರೆ ಸುಮ್ನೆ ಕತ್ತಲಲ್ಲಿ ತಡಕಾಡಿದಂತೆ.

ಹಂತ 4: 404 ಬಂದರೆ

ಮೊದಲು ದೊಡ್ಡಕ್ಷರ, ಚಿಕ್ಕಕ್ಷರ ನೋಡಿ. ವಿಂಡೋಸ್ ಕಂಪ್ಯೂಟರಿಗೆ ಇಂಗ್ಲಿಷಿನ ದೊಡ್ಡ 'ಎಸ್', ಚಿಕ್ಕ 'ಎಸ್' ಎರಡೂ ಒಂದೇ. ಲಿನಕ್ಸ್ ಸರ್ವರಿಗೆ ಅವು ಬೇರೆ ಬೇರೆ ಹೆಸರು. ಎಷ್ಟೋ ಕ್ಯಾಮರಾಗಳು ಫೈಲಿನ ಬಾಲದಲ್ಲಿ ಜೆಪಿಜಿ ಅಂತ ದೊಡ್ಡಕ್ಷರದಲ್ಲಿ ಬರೆಯುತ್ತವೆ, ನೀವು ಪುಟದಲ್ಲಿ ಚಿಕ್ಕಕ್ಷರದಲ್ಲಿ ಬರೆದಿರುತ್ತೀರಿ. ನಿಮ್ಮ ಕಂಪ್ಯೂಟರಿನಲ್ಲಿ ಬರುತ್ತದೆ, ಸರ್ವರಿನಲ್ಲಿ ಬರುವುದಿಲ್ಲ. ಹೆಸರೆಲ್ಲ ಚಿಕ್ಕಕ್ಷರದಲ್ಲಿರಲಿ, ನಡುವೆ ಜಾಗ ಬಿಡುವ ಬದಲು ಅಡ್ಡಗೆರೆ ಇರಲಿ.

ಎರಡನೆಯದು ನಮ್ಮ ಭಾಷೆಯದೇ ತಾಪತ್ರಯ. ಫೈಲಿಗೆ 'ಸೀರೆ' ಅಂತ ಕನ್ನಡದಲ್ಲೇ ಹೆಸರಿಡುವವರಿದ್ದಾರೆ. ಖುಷಿಯ ವಿಷಯ, ಆದರೆ ಕಂಪ್ಯೂಟರಿನ ಒಳಗೆ 'ಸೀ' ಅನ್ನುವುದನ್ನು ಎರಡು ರೀತಿ ಬರೆಯಬಹುದು. 'ಸ'ಕ್ಕೆ ದೀರ್ಘದ ಗುರುತನ್ನು ಒಂದೇ ಸಂಕೇತವಾಗಿ ಹಚ್ಚುವುದು ಒಂದು. ಗುಡಿಸು ಬೇರೆ, ಅದರ ಮುಂದೆ ದೀರ್ಘದ ಕೊಂಡಿ ಬೇರೆ, ಹೀಗೆ ಎರಡು ಸಂಕೇತವಾಗಿ ಹಚ್ಚುವುದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಸರ್ವರಿಗೆ ಎರಡೂ ಬೇರೆ ಹೆಸರು. ಹಳೆಯ ಮ್ಯಾಕ್ ಕಂಪ್ಯೂಟರುಗಳು ಬಿಡಿಸಿ ಬರೆಯುತ್ತಿದ್ದವು, ವಿಂಡೋಸಿನಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಕೂಡಿಸಿದ ರೂಪದಲ್ಲಿರುತ್ತದೆ. 'ಕೇ', 'ಕೈ', 'ಕೊ', 'ಕೋ' ಇವಕ್ಕೂ ಇದೇ ಗತಿ. ಸ್ಟುಡಿಯೊದವರು ಮ್ಯಾಕ್‌ನಿಂದ ಕೊಟ್ಟ ಫೋಟೊ 404 ಬಂದು, ಪಕ್ಕದ 'ಖಣ' ಅನ್ನುವ ಫೈಲ್ ಸರಿಯಾಗಿ ಬಂದರೆ ಕಾರಣ ಇದೇ ಅಂತ ಅನುಮಾನಿಸಿ. ಪುಟದೊಳಗೆ ಎಷ್ಟು ಬೇಕಾದರೂ ಕನ್ನಡ ಬರೆಯಿರಿ, ಫೈಲ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ.

ಮೂರನೆಯದು ವರ್ಡ್‌ಪ್ರೆಸ್ ಇದ್ದವರಿಗೆ. ನೀವು ಒಂದು ಫೋಟೊ ಹಾಕಿದರೆ ವರ್ಡ್‌ಪ್ರೆಸ್ ಅದರದೇ ಚಿಕ್ಕ ಚಿಕ್ಕ ಪ್ರತಿಗಳನ್ನು ಮಾಡಿಡುತ್ತದೆ. ಅಗಲ 150, 300, 768, 1024, ಫೋಟೊ ದೊಡ್ಡದಿದ್ದರೆ 1536 ಮತ್ತು 2048 ಪಿಕ್ಸೆಲ್. ಪುಟ ತೆರೆದಾಗ ಯಾವ ಪ್ರತಿ ಬೇಕು ಅಂತ ಬ್ರೌಸರೇ ತನ್ನ ಪರದೆಯ ಅಳತೆ ನೋಡಿ ಆರಿಸಿಕೊಳ್ಳುತ್ತದೆ. ನಿಮ್ಮ ಫೋನ್ 768ರದ್ದನ್ನು ಕೇಳಿದರೆ ಗಿರಾಕಿಯ ಲ್ಯಾಪ್‌ಟಾಪ್ 1536ರದ್ದನ್ನು ಕೇಳಬಹುದು. ಸೈಟನ್ನು ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಅರ್ಧ ಪ್ರತಿಗಳು ಬಿಟ್ಟುಹೋಗಿದ್ದರೆ, ಅಥವಾ ಜಾಗ ಉಳಿಸೋಣ ಅಂತ ಯಾರೋ ಅಳಿಸಿದ್ದರೆ, ಒಬ್ಬರಿಗೆ ಕಾಣುತ್ತದೆ, ಇನ್ನೊಬ್ಬರಿಗೆ ಇಲ್ಲ. ಗುರುತಿಸುವುದು ಸುಲಭ: ಕೆಂಪು ಸಾಲಿನಲ್ಲಿ ಫೈಲ್ ಹೆಸರಿನ ಕೊನೆಗೆ ಅಗಲ-ಎತ್ತರದ ಅಂಕೆ ಇರುತ್ತದೆ. 'ರೀಜನರೇಟ್ ಥಂಬ್‌ನೇಲ್ಸ್' ಅನ್ನುವ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿ ಓಡಿಸಿದರೆ ಪ್ರತಿಗಳೆಲ್ಲ ಮತ್ತೆ ತಯಾರಾಗುತ್ತವೆ. ಮೂಲ ಫೋಟೊ ಸರ್ವರಿನಲ್ಲಿರಬೇಕು, ಮೊದಲು ಬ್ಯಾಕಪ್ ತೆಗೆದಿಡಬೇಕು. ಇಷ್ಟೇ ಷರತ್ತು.

ಹಂತ 5: ಒಂದು ಸಿಮ್‌ನಲ್ಲಿ ಬರುತ್ತೆ, ಇನ್ನೊಂದರಲ್ಲಿ ಬರಲ್ಲ

ನಾನು ಅತಿ ಜಾಸ್ತಿ ಹೊತ್ತು ಕಳೆದದ್ದು ಇದರ ಹಿಂದೆ. ಒಂದು ಸೀರೆ ಅಂಗಡಿಯ ಸೈಟ್. ಹಳೇ ಸೀರೆ ಎಲ್ಲರಿಗೂ ಕಾಣುತ್ತಿದ್ದವು. ಹೊಸದಾಗಿ ಹಾಕಿದ ಚಿಕ್ಕಿಪರಾಸ್ ದಡಿಯ ಸೀರೆಗಳು ಅಂಗಡಿಯ ವೈಫೈಯಲ್ಲಿ ಕಾಣುತ್ತಿದ್ದವು, ಮಾಲೀಕರ ಮಗಳ ಫೋನಿನ ಡೇಟಾದಲ್ಲಿ 404. ಅದೇ ಫೋನನ್ನು ವೈಫೈಗೆ ಹಾಕಿದರೆ ಮತ್ತೆ ಬರುತ್ತಿದ್ದವು. ಸಿಮ್ ಕಂಪನಿಗೆ ಎರಡು ದಿನ ಬೈದುಕೊಂಡೆವು. ತಪ್ಪು ನಮ್ಮದೇ ಇತ್ತು.

ಇಂಟರ್ನೆಟ್ಟಿನಲ್ಲಿ ಸರ್ವರಿಗೆ ಎರಡು ನಮೂನೆಯ ವಿಳಾಸ ಇರಬಹುದು. ಹಳೆಯದು ಐಪಿವಿ4, ಅಂಕೆ ಮತ್ತು ಚುಕ್ಕಿ ಮಾತ್ರ ಇರುವುದು. ಹೊಸದು ಐಪಿವಿ6, ಅಂಕೆ, ಇಂಗ್ಲಿಷ್ ಅಕ್ಷರ, ನಡುವೆ ಒಂದರ ಮೇಲೊಂದು ಎರಡು ಚುಕ್ಕಿ ಇರುವುದು. ಡೊಮೇನಿನ ಸೆಟ್ಟಿಂಗಿನಲ್ಲಿ ಮೊದಲನೆಯದನ್ನು 'ಎ' ರೆಕಾರ್ಡ್ ಅಂತ, ಎರಡನೆಯದನ್ನು ನಾಲ್ಕು 'ಎ' ಬರೆದ ರೆಕಾರ್ಡ್ ಅಂತ ಇಟ್ಟಿರುತ್ತಾರೆ. ನಮ್ಮಲ್ಲಿ ಮೊಬೈಲ್ ಡೇಟಾ ಬಹಳಷ್ಟು ಐಪಿವಿ6 ಮೇಲೆ ಓಡುತ್ತದೆ. ಅಂಗಡಿ, ಮನೆಯ ಎಷ್ಟೋ ಬ್ರಾಡ್‌ಬ್ಯಾಂಡ್ ಇನ್ನೂ ಐಪಿವಿ4 ಮೇಲೇ ಇದೆ. ಎರಡೂ ಇದ್ದಲ್ಲಿ ಬ್ರೌಸರ್ ಸಾಮಾನ್ಯವಾಗಿ ಐಪಿವಿ6ಕ್ಕೇ ಮೊದಲು ಹೋಗುತ್ತದೆ.

ಆ ಅಂಗಡಿಯವರು ಹೋಸ್ಟಿಂಗ್ ಬದಲಿಸಿದ್ದರು. 'ಎ' ರೆಕಾರ್ಡ್ ಹೊಸ ಸರ್ವರಿಗೆ ಬದಲಾಗಿತ್ತು. ಮೂರು ಡಬ್ಲ್ಯು ಇರುವ ಹೆಸರಿನ ನಾಲ್ಕು 'ಎ' ರೆಕಾರ್ಡ್ ಹಳೇ ಸರ್ವರಿಗೇ ಬೆರಳು ತೋರಿಸುತ್ತಿತ್ತು. ಪುಟ ತೆರೆಯುತ್ತಿದ್ದದ್ದು ಡಬ್ಲ್ಯು ಇಲ್ಲದ ಹೆಸರಿನಲ್ಲಿ, ಫೋಟೊಗಳ ವಿಳಾಸ ಇದ್ದದ್ದು ಡಬ್ಲ್ಯು ಇರುವ ಹೆಸರಿನಲ್ಲಿ. ಹಳೇ ಹೋಸ್ಟಿಂಗ್ ಅವಧಿ ಇನ್ನೂ ಮುಗಿದಿರಲಿಲ್ಲ, ಹಾಗಾಗಿ ಹಳೇ ಫೋಟೊ ಅಲ್ಲೇ ಸಿಗುತ್ತಿದ್ದವು. ಹೊಸವು ಅಲ್ಲಿ ಎಲ್ಲಿಂದ ಬರಬೇಕು? ಹಿನ್ನೀರು ಬಂದು ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಮನೆ ಬದಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಗದ ಬರೆಯುವ ಒಬ್ಬರ ಡೈರಿಯಲ್ಲಿ ಸೆಕ್ಟರ್ ನಂಬರ್ ಇರುತ್ತದೆ, ಇನ್ನೊಬ್ಬರ ಡೈರಿಯಲ್ಲಿ ಹಳೇ ಓಣಿ ಇರುತ್ತದೆ.

ನೀವು ಹುಡುಕುವುದು ಹೀಗೆ. ನೆಟ್‌ವರ್ಕ್ ಪಟ್ಟಿಯಲ್ಲಿ ಆ ಫೋಟೊದ ಸಾಲಿನ ಮೇಲೆ ಕ್ಲಿಕ್ ಮಾಡಿದರೆ 'ರಿಮೋಟ್ ಅಡ್ರೆಸ್' ಅಂತ ಇರುತ್ತದೆ. ವೈಫೈಯಲ್ಲಿ ಯಾವ ವಿಳಾಸ, ಹಾಟ್‌ಸ್ಪಾಟಿನಲ್ಲಿ ಯಾವ ವಿಳಾಸ, ಎರಡನ್ನೂ ಬರೆದುಕೊಳ್ಳಿ. ಆಮೇಲೆ ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ಎನ್‌ಎಸ್‌ಲುಕಪ್ (nslookup) ಅಂತ ಟೈಪ್ ಮಾಡಿ, ಜಾಗ ಬಿಟ್ಟು ಸೈಟಿನ ಹೆಸರು ಬರೆದು ಎಂಟರ್ ಒತ್ತಿ. ಡಬ್ಲ್ಯು ಹಾಕಿ ಒಮ್ಮೆ, ಹಾಕದೆ ಒಮ್ಮೆ. ಬಂದ ವಿಳಾಸಗಳು ನಿಮ್ಮ ಈಗಿನ ಹೋಸ್ಟಿಂಗಿನವೇ ಅಂತ ಅವರ ಪುಟದಲ್ಲಿ ತಾಳೆ ನೋಡಿ. ಹಳೆಯದೊಂದು ಉಳಿದಿದ್ದರೆ ಡೊಮೇನ್ ಲಾಗಿನ್‌ಗೆ ಹೋಗಿ ಬದಲಿಸಿ. ಹೊಸ ಹೋಸ್ಟಿಂಗಿನವರು ಐಪಿವಿ6 ಕೊಟ್ಟಿಲ್ಲದಿದ್ದರೆ ಆ ರೆಕಾರ್ಡನ್ನು ಅಳಿಸಿಬಿಡಿ.

ಬದಲಿಸಿದ ಕೂಡಲೇ ಫಲ ಕಾಣಲ್ಲ. ರೆಕಾರ್ಡ್ ಪಕ್ಕದಲ್ಲಿ ಟಿಟಿಎಲ್ ಅಂತ ಒಂದು ಅಂಕೆ ಇರುತ್ತದೆ, ಹಳೇ ವಿಳಾಸವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಅಂತ. 14400 ಇದ್ದರೆ ನಾಲ್ಕು ತಾಸು. ಅಷ್ಟು ಹೊತ್ತು ಏನನ್ನೂ ಮುಟ್ಟದೆ ಕಾಯಿರಿ. ಕಾಯಲಾರದೆ ಇನ್ನೇನೋ ಬದಲಿಸಿ ಕೆಡಿಸಿಕೊಂಡವರನ್ನು ಕಂಡಿದ್ದೇನೆ.

ಹಂತ 6: ಸಂಜೆ ಮಾತ್ರ, ಹಬ್ಬದ ಮುಂಚೆ ಮಾತ್ರ

ಪಂಚಮಿ, ದೀಪಾವಳಿ ಹತ್ತಿರ ಬಂದಾಗ ಜನ ಜಾಸ್ತಿ ನೋಡುತ್ತಾರೆ. ಕಡಿಮೆ ದುಡ್ಡಿನ ಶೇರ್ಡ್ ಹೋಸ್ಟಿಂಗ್ ಅಂದರೆ ಒಂದೇ ಸರ್ವರಿನಲ್ಲಿ ಬಹಳ ಸೈಟುಗಳು ಬಾಡಿಗೆಗೆ ಇದ್ದಂತೆ. ನಿಮ್ಮ ಪಾಲಿನ ಮಿತಿ ಮುಗಿದರೆ 503 ಅಥವಾ 508 ಬರುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ.

ದೊಡ್ಡ ಪ್ಲಾನ್ ಕೊಳ್ಳುವ ಮುಂಚೆ ಫೋಟೊ ತೂಕ ನೋಡಿ. ಫೋನಿನಲ್ಲಿ ತೆಗೆದ ಒಂದು ಫೋಟೊ 5 ಎಂಬಿ ಅಂದುಕೊಳ್ಳಿ. ಒಂದು ಪುಟದಲ್ಲಿ 40 ಸೀರೆ ಇದ್ದರೆ 200 ಎಂಬಿ ಆಯಿತು! ಬಸ್ಸಿನಲ್ಲಿ ಕೂತು ನೋಡುವ ಗಿರಾಕಿಗೆ ಅರ್ಧ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಗಿರುತ್ತದೆ. ಅಗಲ 1200 ಪಿಕ್ಸೆಲ್ಲಿಗೆ ಇಳಿಸಿ 150 ಕೆಬಿ ಆಸುಪಾಸಿಗೆ ತಂದರೆ ಅದೇ 40 ಫೋಟೊ 6 ಎಂಬಿ. ನೇಯ್ಗೆಯ ಎಳೆ ಹತ್ತಿರದಿಂದ ಕಾಣಬೇಕಾದ ಒಂದೆರಡು ಫೋಟೊ ಮಾತ್ರ ದೊಡ್ಡದಿರಲಿ. 'ಸ್ಕ್ವೂಶ್' ಅನ್ನುವ ಉಚಿತ ಸಾಧನ ಬ್ರೌಸರಿನಲ್ಲೇ ಈ ಕೆಲಸ ಮಾಡುತ್ತದೆ.

429 ಅಥವಾ ಸಂಜೆ ಹೊತ್ತಿನ 403 ಬಂದರೆ ಸೈಟಿನ ಸೆಕ್ಯುರಿಟಿ ಪ್ಲಗಿನ್ ನೋಡಿ. ಒಂದೇ ಐಪಿ ವಿಳಾಸದಿಂದ ಪಟಪಟ ಅಂತ ಕೇಳಿದರೆ ದಾಳಿ ಅಂತ ತಿಳಿದು ಅದು ಬಾಗಿಲು ಹಾಕುತ್ತದೆ. ಮೊಬೈಲ್ ಕಂಪನಿಗಳು ಒಂದೇ ಐಪಿವಿ4 ವಿಳಾಸವನ್ನು ಬಹಳ ಗಿರಾಕಿಗಳಿಗೆ ಹಂಚುತ್ತವೆ. ಹಾಗಾಗಿ ಯಾರೋ ಒಬ್ಬರು ಗ್ಯಾಲರಿ ತಿರುವಿ ಹಾಕಿದರೆ ಇನ್ಯಾರಿಗೋ ಫೋಟೊ ನಿಲ್ಲುತ್ತದೆ. ಮಿತಿಯನ್ನು ಸಡಿಲ ಮಾಡಿ, ಫೋಟೊಗಳನ್ನು ಲೆಕ್ಕದಿಂದ ಬಿಡಲು ಸೆಟ್ಟಿಂಗ್ ಇದ್ದರೆ ಬಿಡಿ.

ಹಂತ 7: ಕಡ ತಂದ ಫೋಟೊ, ಕಾವಲಿನ ಫೋಟೊ

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಫೋಟೊದ ವಿಳಾಸವನ್ನೇ ಕಾಪಿ ಮಾಡಿ ಸೈಟಿನಲ್ಲಿ ಅಂಟಿಸಿದ್ದೀರಾ? ಆ ವಿಳಾಸಕ್ಕೆ ಅವಧಿ ಇರುತ್ತದೆ. ಕೆಲ ದಿನ ಬಂದು ನಿಲ್ಲುತ್ತದೆ. ಗೂಗಲ್ ಡ್ರೈವ್‌ನ ಶೇರ್ ಲಿಂಕೂ ಫೋಟೊ ತೋರಿಸಲು ಮಾಡಿದ್ದಲ್ಲ. ಫೋಟೊ ನಿಮ್ಮ ಹೋಸ್ಟಿಂಗಿನಲ್ಲೇ ಇರಲಿ.

ಇನ್ನು ಹಾಟ್‌ಲಿಂಕ್ ಕಾವಲು. ಬೇರೆ ಸೈಟಿನವರು ನಿಮ್ಮ ಫೋಟೊ ಎಳೆದುಕೊಳ್ಳದಂತೆ ಹೋಸ್ಟಿಂಗಿನಲ್ಲಿ ಹಾಕುವ ಬೀಗ ಇದು. ಯಾವ ಪುಟದಿಂದ ಕೇಳಿದರು ಅಂತ ನೋಡಿ ಕೊಡುತ್ತದೆ. ಪಟ್ಟಿಯಲ್ಲಿ ಡಬ್ಲ್ಯು ಇರುವ ಹೆಸರು ಮಾತ್ರ ಬರೆದು, ಇಲ್ಲದ್ದನ್ನು ಬಿಟ್ಟಿದ್ದರೆ ಅರ್ಧ ಜನರಿಗೆ 403. ಎರಡೂ ಹೆಸರು ಬರೆಯಿರಿ. ಇನ್ನೂ ಒಳ್ಳೆಯದು ಅಂದರೆ ಸೈಟಿಗೆ ಒಂದೇ ಹೆಸರು ಗಟ್ಟಿ ಮಾಡಿ ಇನ್ನೊಂದನ್ನು ಅದಕ್ಕೇ ತಿರುಗಿಸಿ. ಫೋಟೊಗಳ ವಿಳಾಸ ಎಚ್‌ಟಿಟಿಪಿ ಅಂತ ಇದ್ದರೆ ಎಚ್‌ಟಿಟಿಪಿಎಸ್ ಮಾಡಿ. ಈಗಿನ ಕ್ರೋಮ್ ತಾನೇ ಬದಲಿಸಿ ಕೇಳುತ್ತದೆ, ಅಲ್ಲಿ ಸಿಗದಿದ್ದರೆ ತೋರಿಸುವುದಿಲ್ಲ.

ಹಂತ 8: 200 ಇದೆ, ಫೋಟೊ ಮಾತ್ರ ಇಲ್ಲ

'ಸೈಜ್' ಕಾಲಂ ನೋಡಿ. ಸೊನ್ನೆ ಇದ್ದರೆ ಅಪ್‌ಲೋಡ್ ಮಾಡುವಾಗ ಸರ್ವರಿನ ಜಾಗ ತುಂಬಿತ್ತೇ ಅಂತ ನೋಡಿ.

ಫೈಲಿನ ಬಾಲದಲ್ಲಿ ಎಚ್‌ಇಐಸಿ ಅಂತ ಇದ್ದರೆ ಅದು ಐಫೋನಿನಲ್ಲಿ ತೆಗೆದ ಫೋಟೊ. 2017ರ ಐಒಎಸ್ 11ರಿಂದ ಐಫೋನ್ ಈ ನಮೂನೆಯಲ್ಲಿ ಉಳಿಸುತ್ತದೆ. ಹೊಸ ಐಫೋನ್‌ಗಳ ಸಫಾರಿ ತೋರಿಸುತ್ತದೆ, ಕ್ರೋಮ್ ಇರುವ ಆಂಡ್ರಾಯ್ಡ್ ತೋರಿಸುವುದಿಲ್ಲ. ಬಾಲವನ್ನು ಕೈಯಿಂದ ಜೆಪಿಜಿ ಅಂತ ತಿದ್ದಿದರೆ ಆಗದು, ನಿಜವಾಗಿ ಬದಲಿಸಿ ಉಳಿಸಬೇಕು.

ಪಟ್ಟಿಯಲ್ಲಿ 'ಬ್ಲಾಕ್ಡ್' ಅಂತ ಬಂದು ಆ ಗಿರಾಕಿಯ ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಆ್ಯಡ್‌ಬ್ಲಾಕರ್ ಇದ್ದರೆ ಫೋಲ್ಡರ್ ಹೆಸರು ನೋಡಿ. 'ಆ್ಯಡ್ಸ್', 'ಬ್ಯಾನರ್' ಅಂತ ಇದ್ದರೆ ಅದು ಜಾಹೀರಾತು ಅಂತಲೇ ತಿಳಿಯಬಹುದು. ಹೆಸರು ಬದಲಿಸಿ. ಕೆಳಗೆ ಸರಿಸಿದಾಗ ಮಾತ್ರ ಫೋಟೊ ತರುವ ಲೇಜಿ ಲೋಡ್ ಪ್ಲಗಿನ್ ಎರಡೆರಡು ಇದ್ದರೆ ಒಂದನ್ನು ತೆಗೆಯಿರಿ. 2020ರ 5.5 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲೇ ಅದು ಇದೆ.

ಹಂತ 9: ಸರಿ ಮಾಡಿದ ಮೇಲೆ ಕ್ಯಾಶ್ ತೊಳೆಯಿರಿ

ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್ ಹಾಕಿಕೊಂಡಿದ್ದರೆ, ಅಂದರೆ ನಿಮ್ಮ ಫೋಟೊದ ಪ್ರತಿಗಳನ್ನು ಬೇರೆ ಬೇರೆ ಊರಿನ ಸರ್ವರಿನಲ್ಲಿ ಇಟ್ಟು ಹಂಚುವ ಸೇವೆ ಇದ್ದರೆ, ಅದು 404ನ್ನೂ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಒಂದೂರಿನ ಪ್ರತಿ ಹೊಸದು, ಇನ್ನೊಂದೂರಿನದು ಹಳೆಯದು ಆಗಬಹುದು. 'ಪರ್ಜ್ ಕ್ಯಾಶ್' ಒತ್ತಿ. ಆಮೇಲೆ ಸೈಟಿನ ಕ್ಯಾಶ್ ಪ್ಲಗಿನ್, ಕೊನೆಗೆ ಹೊಸ ಇನ್‌ಕಾಗ್ನಿಟೊ. ದೂರು ಹೇಳಿದ್ದ ಅದೇ ಗಿರಾಕಿಗೆ ತೋರಿಸಿ ಕೇಳಿ.

ಇಷ್ಟಾದರೂ ಬಗೆಹರಿಯದಿದ್ದರೆ

ಹೋಸ್ಟಿಂಗಿನವರಿಗೆ ಬರೆಯಿರಿ. "ಫೋಟೊ ಬರ್ತಿಲ್ಲ, ನೋಡಿ" ಅಂತ ಬರೆದರೆ "ನಮ್ಮಲ್ಲಿ ಬರ್ತಿದೆ" ಅಂತ ಉತ್ತರ ಬರುತ್ತದೆ, ಅಲ್ವಾ? ಫೋಟೊದ ಪೂರ್ತಿ ವಿಳಾಸ, ಸ್ಟೇಟಸ್ ನಂಬರ್, ರಿಮೋಟ್ ಅಡ್ರೆಸ್, ನಿಮ್ಮ ಐಪಿ ವಿಳಾಸ, ಎಷ್ಟು ಸಲದಲ್ಲಿ ಎಷ್ಟು ಸಲ ಬರಲಿಲ್ಲ, ಇಷ್ಟೂ ಬರೆಯಿರಿ. ನೆಟ್‌ವರ್ಕ್ ಪಟ್ಟಿಯನ್ನು ಎಚ್‌ಎಆರ್ ಫೈಲಾಗಿ ಉಳಿಸಿ ಕಳಿಸಬಹುದು. ಆದರೆ ಸೈಟಿನ ಅಡ್ಮಿನ್ ಲಾಗಿನ್ ಇರುವಾಗ ಅದನ್ನು ತೆಗೆಯಬೇಡಿ, ಲಾಗಿನ್ ಗುರುತುಗಳು ಅದರೊಳಗೆ ಸೇರಿಕೊಳ್ಳಬಹುದು. ಸಮಯ ಬರೆಯುವಾಗ ಭಾರತದ ಸಮಯ ಅಂತ ನಮೂದಿಸಿ. ಎಷ್ಟೋ ಸರ್ವರುಗಳ ಗಡಿಯಾರ ಐದೂವರೆ ತಾಸು ಹಿಂದಿನ ಯುಟಿಸಿಯಲ್ಲಿರುತ್ತದೆ. ನೀವು ಸಂಜೆ 7:40 ಅಂದದ್ದನ್ನು ಅವರು ತಮ್ಮ ಲಾಗ್‌ನಲ್ಲಿ 14:10ಕ್ಕೆ ಹುಡುಕಬೇಕು.